ಗುಂಡಿನ ಹಾದಿ

"ಟೀಚರ್, ನೀವು ನೆಳ್ಳಾಗ ಕುಂದರ್ರಿ. ಲೇ ಗದ್ದ್ಯಾ, ನೀರಿನ ಕ್ಯಾನ್ ಇಳಸಲೇ."

ಸಿದ್ದಲಿಂಗೇಶ ಎರಡು ಮಾತನ್ನೂ ಒಂದೇ ಉಸಿರಿಗೆ ಆಡಿ ಮುಗಿಸಿದ್ದ. ಟೀಚರ್ ಪದ್ಮಾವತಿಯಿಂದ ಅವಳ ಅಪ್ಪನ ಕಡೆ ತಿರುಗುವಾಗ ಅವನ ಮುಖದ ನಗೆ ಬದಲಾಗಿರಲಿಲ್ಲ, ಅದೇ ತೊಂದರೆ. ಬಯ್ದಿದ್ದರೆ ಸಿಟ್ಟಾಗಬಹುದಿತ್ತು. ಜೀಪಿನ ಗೇರು ಬದಲಿಸುವಷ್ಟು ಸಲೀಸಾಗಿ ರೀ ಹೋಗಿ ಲೇ ಬಂದಿತ್ತು, ಎಪ್ಪತ್ನಾಲ್ಕು ವರ್ಷದ ಗದ್ದೆಪ್ಪ "ತಂದೇರಿ ಧಣೇರ" ಎಂದು ಜೀಪಿನ ಹಿಂದಕ್ಕೆ ಓಡಿದ್ದ. ನಡೆಯಲಿಲ್ಲ, ಓಡಿದ. ಪದ್ಮಾವತಿ ನೆರಳಿಗೆ ಹೋಗಲಿಲ್ಲ. ತೊಗರಿ ಕೊಯ್ದು ಬಿಟ್ಟ ಹೊಲದಲ್ಲಿ ಗೋಣಿತಟ್ಟು ಹಾಸಿ, ಶಾಲೆಯ ಟ್ರ್ಯಾಕ್ ಪ್ಯಾಂಟಿನಲ್ಲೇ ಬೋರಲು ಮಲಗಿ, ಬಂದೂಕಿನ ತಣ್ಣನೆಯ ಕಟ್ಟಿಗೆಗೆ ಕೆನ್ನೆ ಕೊಟ್ಟಳು. ತೊಗರಿಕಟ್ಟಿಗೆಯ ಕೂಳೆಗಳು ತಟ್ಟಿನ ಮೂಲಕವೇ ಹೊಟ್ಟೆಗೆ ಚುಚ್ಚುತ್ತಿದ್ದವು. ಐವತ್ತು ಹೆಜ್ಜೆ ಆಚೆ ಬೀಜದ ಡಬ್ಬಿಗೆ ಅಂಟಿಸಿದ ಬಿಳಿ ಹಾಳೆ, ಅದರ ನಡುವೆ ಅವಳೇ ಸ್ಕೆಚ್‌ಪೆನ್ನಿನಲ್ಲಿ ಬರೆದ ಕರಿ ಬೊಟ್ಟು. ದುರ್ಬೀನಿನೊಳಗೆ ಆ ಬೊಟ್ಟು ಅವಳ ಉಸಿರಿಗೆ ಏರಿ ಇಳಿಯಿತು. ಲೇ, ಎಂದಿತು. ಲೇ. ಲೇ.

ಅವಳು ಈ ಭಾನುವಾರ ಇಲ್ಲಿರಬೇಕಾಗಿರಲಿಲ್ಲ. ಮಸ್ಕಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ದೈಹಿಕ ಶಿಕ್ಷಕಿ, ಭಾನುವಾರ ಬೆಳಿಗ್ಗೆ ಬುದ್ಧವಿಹಾರಕ್ಕೆ ಹೋಗಿ ಎಲ್ಲರೊಂದಿಗೆ ಕೂತು ವಂದನೆ ಹೇಳುವವಳು. ಆದರೆ ಹೋದ ವಾರ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಸಿದ್ದಲಿಂಗೇಶ ತನ್ನ ತಾತನ ಕಾಲದ ಒಂದೇ ಗುಂಡಿನ ಬಂದೂಕಿನ ಸುದ್ದಿ ತೆಗೆದಿದ್ದ. ಗುಡ್ಡದ ಬುಡದ ಶೇಂಗಾ ಹೊಲಕ್ಕೆ ಹಂದಿ ನುಗ್ಗುತ್ತಿವೆ, ಹೊಡೆಯಲು ಪರವಾನಗಿಯ ಕಾಗದವೂ ಆಗಿದೆ, ಹೈದರಾಬಾದಿನಲ್ಲಿ ಬಂದೂಕಿಗೆ ದುರ್ಬೀನು ಕೂಡಿಸಿಕೊಂಡು ಬಂದರೂ ಗುಂಡು ಒಂದೂ ಹೇಳಿದಲ್ಲಿಗೆ ಹೋಗುತ್ತಿಲ್ಲ. ಅಲ್ಲೇ ಬೆಂಚಿನ ತುದಿಯಲ್ಲಿ ನಿಂತಿದ್ದ ಗದ್ದೆಪ್ಪ, ಕೇಳದಿದ್ದರೂ, "ನನ್ನ ಮಗಳು ಮಾಡಿಕೊಡ್ತಾಳ್ರಿ. ಆಕಿ ಎನ್‌ಸಿಸಿಯಾಗ ಪದಕ ತಂದಾಕಿ" ಅಂದುಬಿಟ್ಟಿದ್ದ. ಮನೆಗೆ ಬಂದು ಹೇಳಿದಾಗ ಪದ್ಮಾವತಿ ರೇಗಿದಳು. "ನನ್ನ ಕೇಳದ ಹೆಂಗ ಹೂಂ ಅಂದಿ ನೀ?" ಅಪ್ಪ ತಲೆ ಕೆಳಗೆ ಹಾಕಿದ. ಅವ್ವ ಪಕೀರಮ್ಮ ರೊಟ್ಟಿ ಬಡಿಯುತ್ತಾ, "ಅವರ ಮಾತಿಗೆ ಇಲ್ಲ ಅಂದು ರೂಢಿ ಇಲ್ಲ ಬಿಡು ಆತಗ" ಎಂದಳು. ಪದ್ಮಾವತಿ ಬರುವುದಿಲ್ಲ ಎಂದು ಎರಡು ದಿನ ಹೇಳಿ ಮೂರನೆಯ ದಿನ ಸುಮ್ಮನಾದಳು. ಅಪ್ಪನ ಮಾತು ಉಳಿಸಲಿಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ಸುಳ್ಳು. ಇಪ್ಪತ್ತೈದು ವರ್ಷದಿಂದ ಬಂದೂಕು ಮುಟ್ಟಿರಲಿಲ್ಲ, ಮತ್ತು ಆ ಮೂರು ರಾತ್ರಿ ಅವಳ ಬಲಗೈಯ ತೋರುಬೆರಳು ಹಾಸಿಗೆಯ ಅಂಚನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು.

ಮೊದಲು ಅವಳು ಗುಂಡು ಹಾಕಲೇ ಇಲ್ಲ. ಬಂದೂಕನ್ನು ಉಸುಕು ತುಂಬಿದ ಯೂರಿಯಾ ಚೀಲದ ಮೇಲಿಟ್ಟು ದುರ್ಬೀನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕೂದಲೆಳೆಯಷ್ಟು ಅಲುಗಿತು. ಹಿಂದಿನ ತಿರುಪು ಸಡಿಲ. "ಇದನ್ನ ಬಿಗಿ ಮಾಡದ ಇಷ್ಟು ದಿನ ಹೊಡದೀರಿ?" ಅಂದಳು. ಸಿದ್ದಲಿಂಗೇಶನ ಗೆಳೆಯ, ಲಿಂಗಸುಗೂರಿನ ಹತ್ತಿ ವ್ಯಾಪಾರಿ ಬಸವಲಿಂಗ, ಮೊಬೈಲಿನಿಂದ ತಲೆಯೆತ್ತಿ ನಕ್ಕ. ಅವಳು ಸಣ್ಣ ಕೀಲಿಯಿಂದ ನಾಲ್ಕೂ ತಿರುಪು ಬಿಗಿದು, ಬೋಲ್ಟು ಹಿಂದಕ್ಕೆಳೆದು, ಒಂದು ತೋಟಾ ಇಟ್ಟು, ಮುಚ್ಚಿದಳು. ಇದರ ಗುಣವೇ ಅದು. ಒಂದು ಸಲಕ್ಕೆ ಒಂದು. ತಪ್ಪಿದರೆ ಬೋಲ್ಟು ತೆಗೆದು, ಖಾಲಿ ತೋಟಾ ಕಿತ್ತು, ಇನ್ನೊಂದು ಇಡುವಷ್ಟರಲ್ಲಿ ಹಂದಿಯಾಗಲಿ ಅವಕಾಶವಾಗಲಿ ನಿಂತಿರುವುದಿಲ್ಲ. ಅವಳಿಗೆ ಅದು ಹಿಡಿಸಿತು. ಉಸಿರನ್ನು ಅರ್ಧ ಬಿಟ್ಟು, ಉಳಿದರ್ಧವನ್ನು ಎದೆಯೊಳಗೆ ನಿಲ್ಲಿಸಿ, ಬೆರಳನ್ನು ತನಗೂ ತಿಳಿಯದಂತೆ ಮಡಿಚಿದಳು. ಮೂರು ಸಲ. ನಡುನಡುವೆ ನಳಿಗೆ ತಣ್ಣಗಾಗಲು ಬಿಟ್ಟಳು. ಹಾಳೆಯಲ್ಲಿ ಮೂರು ತೂತು, ಬೊಟ್ಟಿನಿಂದ ಒಂದು ಗೇಣು ಕೆಳಗೆ, ನಾಲ್ಕು ಬೆರಳು ಎಡಕ್ಕೆ. ಆದರೆ ಮೂರನ್ನೂ ಒಂದು ಚಹದ ಬಸಿಯಿಂದ ಮುಚ್ಚಬಹುದಿತ್ತು. "ತಪ್ಪಿದ್ವಲ್ರಿ ಟೀಚರ್" ಎಂದ ಬಸವಲಿಂಗ. ಅವಳು ಖಾಲಿ ತೋಟಾ ಕಿತ್ತು ಪಕ್ಕಕ್ಕಿಟ್ಟಳು. ಮೂರೂ ಒಂದೇ ಕಡೆ ಬಿದ್ದಿದ್ದರೆ ಬಂದೂಕು ನಿಜ ಹೇಳುತ್ತಿದೆ ಎಂದರ್ಥ, ಸುಳ್ಳು ಹೇಳುತ್ತಿರುವುದು ದುರ್ಬೀನು. ಅಷ್ಟನ್ನು ಕಲಿಯಲು ಅವಳಿಗೆ ಒಂದು ಎನ್‌ಸಿಸಿ ಶಿಬಿರ ಸಾಕಾಗಿತ್ತು.

ಆ ಶಿಬಿರದಲ್ಲಿ ಪದಕ ಕೊಡುವ ಮುನ್ನ ಕರ್ನಲ್ ಸಾಹೇಬರು, ಬಿಳಿ ಮೀಸೆಯವರು, ಅವಳ ಹಾಳೆಯನ್ನು ಬಿಸಿಲಿಗೆ ಹಿಡಿದು ತೂತುಗಳ ಮೂಲಕ ಆಕಾಶ ನೋಡಿ, ಉಸಿರು ಹೀಗೆ ಅರ್ಧಕ್ಕೆ ನಿಲ್ಲಿಸುವುದನ್ನು ನಿನಗೆ ಯಾರಮ್ಮ ಹೇಳಿಕೊಟ್ಟರು ಎಂದು ಕೇಳಿದ್ದರು. "ಯಾರೂ ಇಲ್ಲ ಸರ್." ಅಂದದ್ದು ಅವಳೇ. ಎಂಟು ವರ್ಷದವಳಿದ್ದಾಗ ತಮ್ಮೂರು ಸಾಲಗುಂದದ ಹಳ್ಳದ ದಂಡೆಯಲ್ಲಿ ಅಪ್ಪ ಅವಳನ್ನು ತೊಡೆಯ ನಡುವೆ ಕೂರಿಸಿಕೊಂಡು, ಕೌಜುಗ ಹೊರಬರುವವರೆಗೆ ಕಾಯಲು ಕಲಿಸಿದ್ದ. ಪೂರಾ ಬಿಟ್ಟರೆ ಮೈ ನಡುಗ್ತದ, ಪೂರಾ ಹಿಡದರೆ ಎದಿ ಬಡೀತದ, ಅರ್ಧ ಬಿಡು. ಅವನ ಕೈಯಲ್ಲಿ ಬಂದೂಕಿರಲಿಲ್ಲ, ಕವಣೆಯೂ ಇರಲಿಲ್ಲ. ನೋಡಲಿಕ್ಕೆಂದೇ ಕಾಯುತ್ತಿದ್ದರು. ಯಾರೂ ಇಲ್ಲ ಸರ್. ಧಣಿಗಳ ಬೇಟೆಗೆ ಹಂದಿ ಎಬ್ಬಿಸುವವನ ಮಗಳು ಎಂದು ಸಾಲಿನಲ್ಲಿ ನಿಂತ ಹುಡುಗಿಯರಿಗೆ ತಿಳಿಯಬಾರದಿತ್ತು.

ದುರ್ಬೀನಿನ ಮೇಲಿನ ಗುಂಡಿ ತಿರುಗಿಸಿದಳು. ಕಟ್, ಕಟ್, ಕಟ್. ಬದಿಯದನ್ನೂ. ಒಂದೊಂದು ಸದ್ದಿಗೂ ಗುಂಡು ಬೀಳುವ ಜಾಗ ಎಳ್ಳುಕಾಳಿನಷ್ಟು ಸರಿಯುತ್ತದೆ. ಪಂಚಶೀಲದ ಮೊದಲನೆಯ ಮಾತು ಈಗ ವಿಹಾರದಲ್ಲಿ ಎಲ್ಲರ ಬಾಯಲ್ಲೂ ಇರಬಹುದು. ಪ್ರಾಣ ತೆಗೆಯುವುದಿಲ್ಲ. ತಾನು ತೆಗೆಯುತ್ತಿಲ್ಲವಲ್ಲ, ಬರೀ ತಿರುಪು ತಿರುಗಿಸುತ್ತಿದ್ದೇನೆ. ಮತ್ತೆ ಇದು ಯಾರ ಪ್ರಾಣಕ್ಕೆ ಸರಿಯುತ್ತಿದೆ, ಎಳ್ಳೆಳ್ಳಷ್ಟು? ಕಟ್. ಮಸ್ಕಿಯ ಶಾಸನದ ಗುಡ್ಡಕ್ಕೆ ಪ್ರತಿ ವರ್ಷ ಹುಡುಗಿಯರನ್ನು ಕರೆದುಕೊಂಡು ಹೋಗಿ, ಬೇಟೆ ಬಿಟ್ಟ ರಾಜನ ಕತೆಯನ್ನು ಅವಳೇ ಹೇಳುತ್ತಾಳೆ. ಕಟ್. ಆದರೆ ಅವನು ಬೇಟೆ ಆಡಿ ಬಿಟ್ಟವನು. ಆಡುವವರ ಮುಂದೆ ಓಡಿದವನು ಏನು ಬಿಡಬೇಕು? ಅವಳು ಸಣ್ಣವಳಿದ್ದಾಗಿನ ಒಂದು ದಿನ ಕಣ್ಣಿಗೆ ಕಟ್ಟಿತು: ಸಾಲಗುಂದದ ದೊಡ್ಡ ಮನೆಯ ಅಂಗಳದಲ್ಲಿ ಸಿದ್ದಲಿಂಗೇಶನ ಅಪ್ಪ ಮರಿಸ್ವಾಮಿ ಧಣಿ, ಹಣೆತುಂಬ ವಿಭೂತಿ, ಬೀಗರ ನಡುವೆ ಕುರ್ಚಿ ಹಾಕಿ ಕೂತಿದ್ದಾರೆ. ಆ ಮನೆಯಲ್ಲಿ ಮಾಂಸದ ಹೆಸರೆತ್ತುವಂತಿಲ್ಲ. ಹಂದಿ ಹೊಡೆಯುತ್ತಾರೆ, ಹೊಡೆದು ಸ್ನಾನ ಮಾಡುತ್ತಾರೆ, ಸತ್ತ ಹಂದಿ ಗದ್ದೆಪ್ಪನ ಕೇರಿಗೆ ಹೋಗುತ್ತದೆ. "ಲೇ ಗದ್ದ್ಯಾ, ಹೆಣ್ಣಂದಿ ಮರಿ ಕರಿಯೋದು ಹ್ಯಾಂಗ, ತೋರಸಲೇ ಬೀಗರಿಗೆ." ಅಪ್ಪ ಅಂಗಳದ ನಡುವೆ ಕೈಕಾಲೂರಿ ಕೂತು, ಗಂಟಲೊಳಗಿಂದ ಗುರ್ರೆಂದು, ಮೂಗು ಅರಳಿಸಿ, ಮಣ್ಣು ಕೆದರಿದ. ಎಲ್ಲರೂ ನಕ್ಕರು. ಕಟ್ಟೆಯ ಮೇಲೆ ಅವಳದೇ ವಯಸ್ಸಿನ ಸಿದ್ದಲಿಂಗೇಶ ನಕ್ಕ. ಕೆಳಗೆ, ಅವ್ವನ ಸೆರಗು ಹಿಡಿದು ನಿಂತಿದ್ದ ಪದ್ಮಾವತಿಯೂ ನಕ್ಕಳು. ಬಿದ್ದು ಬಿದ್ದು ನಕ್ಕಳು. ಆ ನಗೆ ಇವತ್ತಿಗೂ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ, ಸಂತೆಯಲ್ಲಿ, ಹಲ್ಲುಜ್ಜುವಾಗ, ಏನೂ ಕಾರಣವಿಲ್ಲದೆ ಬಂದು ಅವಳ ಮುಖ ಬಿಸಿ ಮಾಡುತ್ತದೆ.

ಕೊನೆಯ ಮೂರು ಗುಂಡು ಕರಿ ಬೊಟ್ಟನ್ನೇ ತಿಂದುಹಾಕಿದವು. ಗದ್ದೆಪ್ಪ ಓಡಿಹೋಗಿ ಹಾಳೆ ಕಿತ್ತು ತಂದು ಎಲ್ಲರ ಮೂಗಿನ ಮುಂದೆ ಹಿಡಿದ. "ನೋಡ್ರಿ, ನೋಡ್ರಿ, ಒಂದರ ಮ್ಯಾಲ ಒಂದು ಕುಂತಾವ." ಬಸವಲಿಂಗ ಹಾಳೆಯ ಫೋಟೋ ತೆಗೆದ. ಸಿದ್ದಲಿಂಗೇಶ, "ನಿಮ್ಮ ಕೈಗೆ ಬಂಗಾರದ ಖಡೇ ಹಾಕಬೇಕ್ರಿ ಟೀಚರ್" ಎಂದು ತಾನೂ ತಟ್ಟಿನ ಮೇಲೆ ಮಲಗಿದ. ಅವಳು ಹಿಂದೆ ನಿಂತು ನೋಡಿದಳು. ಗುಂಡು ಹಾರುವ ಮೊದಲೇ ಅವನ ಕಣ್ಣು ಮುಚ್ಚಿತು, ಹೆಗಲು ಹಿಂದಕ್ಕೆ ಸರಿಯಿತು. ಡಬ್ಬಿಯಿಂದ ಒಂದು ಆಳು ದೂರದಲ್ಲಿ ಮಣ್ಣು ಚಿಮ್ಮಿತು. ಇನ್ನೊಂದು. ಆ ಗುಂಡು ಎಲ್ಲಿ ಹೋಯಿತೆಂದು ಕಾಣಲೇ ಇಲ್ಲ, ಗುಡ್ಡದ ಕಡೆಯಿಂದ ಬಂಡೆಗೆ ಬಡಿದು ಚೀರಿದ ಸದ್ದಷ್ಟೇ ಬಂತು.

"ಕಣ್ಣು ಮುಚ್ಚಾಕತ್ತೀರಿ" ಎಂದಳು.

"ಹಂದಿ ಏನು ಈ ಬೊಟ್ಟಿನಷ್ಟು ಇರ್ತೈತೇನ್ರಿ? ಎಮ್ಮಿಕರು ಇದ್ದಂಗ ಇರ್ತೈತಿ." ಅವನು ನಗುತ್ತಾ ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡ. ಆಮೇಲೆ ಕೊರಳು ಹೊರಳಿಸಿ, "ಲೇ ಗದ್ದ್ಯಾ, ಇಳಿಯಲೇ ಕಂಟಿಗೆ. ನಾ ಈ ಬದುವಿನ ಮ್ಯಾಲ ಕುಂದರ್ತೀನಿ, ನೀ ಮ್ಯಾಲಿಂದ ಎಬ್ಬಿಸಿಕೊಂಡು ಬಾ."

ಗುಡ್ಡದ ಸೆರಗಿನುದ್ದಕ್ಕೂ ಜಾಲಿ, ಬಾರಿ, ಕಾರೆಮುಳ್ಳಿನ ಕಂಟಿ ಹೆಣೆದುಕೊಂಡು ನಿಂತಿತ್ತು. ಒಳಗೆ ನಿಂತ ಮನುಷ್ಯ ಹೊರಗಿನವನಿಗೆ ಕಾಣುವ ಹಾಗೇ ಇರಲಿಲ್ಲ. ಗದ್ದೆಪ್ಪ ಆಗಲೇ ಅಂಗಿ ಬಿಚ್ಚಿದ್ದ. ಮುಳ್ಳಿಗೆ ಹರಿಯಬಾರದೆಂದು. ನಾಲ್ಕು ಮಡಿಕೆ ಮಾಡಿ ಮಗಳ ಕೈಗೆ ಕೊಟ್ಟ, ಬಸ್ಸು ಹತ್ತುವವರು ಚೀಲ ಕೊಡುವ ಹಾಗೆ. ಅವನ ಬೆನ್ನಿನ ತುಂಬ ಹಳೆಯ ಗೀರುಗಳು ಬಿಳಿಯಾಗಿ ಹೊಳೆಯುತ್ತಿದ್ದವು. ಪದ್ಮಾವತಿಗೆ ಆಗ ತಿಳಿಯಿತು. ಇದು ಅಪ್ಪನಿಗೆ ಮೊದಲೇ ಗೊತ್ತಿತ್ತು. ಚಹದಂಗಡಿಯಲ್ಲೇ ಮಾತಾಗಿತ್ತು. ತನಗೆ ಹೇಳಿದ್ದು ಅರ್ಧ.

"ನಮ್ಮಪ್ಪ ಇಳಿಯಾಂಗಿಲ್ಲ" ಎಂದಳು.

ಸಿದ್ದಲಿಂಗೇಶನಿಗೆ ಮೊದಲು ಕೇಳಿಸಲೇ ಇಲ್ಲ. ತೋಟಾದ ಡಬ್ಬಿಯಲ್ಲಿ ಬೆರಳಾಡಿಸುತ್ತಿದ್ದವನು, "ಏನಂದ್ರಿ?" ಎಂದ.

"ಇಳಿಯಾಂಗಿಲ್ಲ. ನಿಮ್ಮ ಗುಂಡು ಎಲ್ಲಿ ಹೋಗ್ತೈತಿ ಅಂತ ನಿಮಗ ಗೊತ್ತಿಲ್ಲ. ಕಂಟ್ಯಾಗ ಹಂದಿ ಯಾವುದು, ಮನಷ್ಯಾ ಯಾವುದು?"

"ಅಯ್ಯ, ಟೀಚರ್, ನಮ್ಮಪ್ಪನ ಕಾಲದಿಂದ ಮಾಡ್ಯಾನ ಅವ. ಅವನ್ನ ಕೇಳ್ರಿ ಬೇಕಾದ್ರ."

"ಹೋಗಿ ಬರ್ತೀನಿ ಬಿಡವ್ವಾ" ಎಂದ ಗದ್ದೆಪ್ಪ. ಬರಿಮೈಯಲ್ಲಿ, ಕೈಯಲ್ಲೊಂದು ಕೋಲು, ಕಣ್ಣಾಗಲೇ ಕಂಟಿಯೊಳಗೆ.

ಪದ್ಮಾವತಿ ಸಿದ್ದಲಿಂಗೇಶನ ಮುಖ ನೋಡಿದಳು. ಶಾಲೆಯ ಅಭಿವೃದ್ಧಿ ಸಮಿತಿಗೆ ಇವನೇ ಅಧ್ಯಕ್ಷ, ಕ್ರೀಡಾಕೂಟದ ವೇದಿಕೆಯಲ್ಲಿ "ನಮ್ಮ ಗದ್ದ್ಯಾನ ಮಗಳು" ಎಂದು ಮೈಕಿನಲ್ಲಿ ಪರಿಚಯ ಮಾಡಿಕೊಟ್ಟು, ಆಗಲೂ ಹೀಗೇ ನಕ್ಕಿದ್ದ. ಆ ದಿನ ಅವಳು ಕೈಮುಗಿದಿದ್ದಳು. ಇನ್ನೂರು ಹುಡುಗಿಯರು ಚಪ್ಪಾಳೆ ತಟ್ಟಿದ್ದರು. ಈಗ ಅವಳ ಕೈಗಳು ಮುಗಿಯಲಿಲ್ಲ. ಉಸಿರು ಅರ್ಧಕ್ಕೆ ನಿಂತಿತ್ತು.

"ಹಂಗಾದ್ರ ಹಿಂಗ ಮಾಡೂಣು. ನೀವು ಇಳೀರಿ ಕಂಟಿಗೆ. ಬಂದೂಕು ನಾ ಹಿಡೀತೀನಿ. ನನ್ನ ಗುಂಡು ಎಲ್ಲಿ ಹೋಗ್ತೈತಿ ಅಂತ ಹಾಳ್ಯಾಗ ನೋಡೀರಲ್ಲ, ನಿಮಗೇನೂ ಆಗಾಂಗಿಲ್ಲ."

ಬಸವಲಿಂಗ ಮೊಬೈಲನ್ನು ಕೆಳಗಿಳಿಸಿದ. ಎಲ್ಲೋ ಒಂದು ಗೀಜಗ ಒಂದೇ ಸಮ ಕೂಗುತ್ತಿತ್ತು. ಸಿದ್ದಲಿಂಗೇಶನ ಮುಖದ ನಗೆ ಹೋಗಲಿಲ್ಲ, ಇಳಿಯಲು ಮರೆತ ಹಾಗೆ ಅಲ್ಲೇ ನಿಂತಿತು, ಅದರ ಸುತ್ತಲಿನ ಮುಖ ಮಾತ್ರ ಕೆಂಪಾಗುತ್ತ ಹೋಯಿತು. "ಯಾರ ಮುಂದ ಏನು ಮಾತಾಡಾಕತ್ತೀರಿ, ಖಬರ್ ಐತೇನು ಟೀಚರ್? ನೌಕರಿ ಮಾಡೋರು ನೀವು."

"ಖಬರ್ ಇಟ್ಕೊಂಡ ಮಾತಾಡಾಕತ್ತೀನ್ರಿ. ನೌಕರಿ ಸರಕಾರದ್ದು. ನೀವು ಹೇಳಿದ ಕೆಲಸ ಮುಗಸೀನಿ, ಬಂದೂಕು ನೆಟ್ಟಗೈತಿ. ಕಣ್ಣು ತೆರದು ಹೊಡೀರಿ."

ಬೋಲ್ಟು ತೆರೆದು ನಳಿಗೆ ಖಾಲಿ ಇದೆಯೆಂದು ನೋಡಿ, ಬಂದೂಕನ್ನು ತಟ್ಟಿನ ಮೇಲೆ ಮಲಗಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಮನೆಯಲ್ಲಿ ಹುಟ್ಟಿದಾಗಿನಿಂದ ಅವನಿಗೆ ನೀ ಎಂದೇ ಅಂದವಳು, ಎಲ್ಲರಿಗೂ ಕೇಳುವ ಹಾಗೆ, ಕವಾಯತಿನ ದನಿಯಲ್ಲಿ, "ಅಂಗಿ ಹಾಕ್ಕೋರಿ ಅಪ್ಪಾರ. ನಡೀರಿ ಹೋಗೂಣು" ಎಂದಳು.

ಗದ್ದೆಪ್ಪ ಯಾರಿಗೆ ಅಂದದ್ದೆಂದು ಹಿಂದಕ್ಕೆ ತಿರುಗಿ ನೋಡಿದ.

ಪದ್ಮಾವತಿಯ ಸ್ಕೂಟಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗುಡ್ಡ ಬಳಸಿ ಆಚೆ ಬದಿಯ ಬಂಡಿಹಾದಿಗೆ ಬಂತು. ಅವನು ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಪದ್ಮಾವತಿಗೆ ಮೈಯೆಲ್ಲ ಹಗುರಾದಂತಿತ್ತು, ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಹಾಡಬೇಕು ಅನಿಸುತ್ತಿತ್ತು. ನಾಳೆ ಏನಾದರೂ ಆಗಲಿ. ವರ್ಗ ಮಾಡಿಸಲಿ, ದೂರದ ಆರ್.ಎಚ್. ಕ್ಯಾಂಪಿನ ಶಾಲೆಗೆ ಬೇಕಾದರೂ ಹಾಕಿಸಲಿ, ಹೋಗುತ್ತೇನೆ. ಬೆನ್ನ ಹಿಂದಿನಿಂದ ಅಪ್ಪನ ಮಾತು ಕೇಳಿದಾಗ ಅದು ಶಹಬ್ಬಾಸ್ ಎಂದೇ ಅವಳು ತಿಳಿದಳು.

"ನನ್ನ ಯಾಕ ಕೇಳಲಿಲ್ಲ ನೀ?"

ಅವಳು ಸ್ಕೂಟಿಯ ವೇಗ ತಗ್ಗಿಸಿದಳು.

"ನಿನ್ನ ಕೇಳದ ನಾ ಹೂಂ ಅಂದೆ ಅಂತ ಎರಡು ದಿನ ಮಾರಿ ತಿರುವಿದ್ದಿ. ಈಗ ನನ್ನ ಕೇಳದ ನೀ ಇಲ್ಲ ಅಂದಿ. ನನಗ ಬಾಯಿಲ್ಲೇನು?"

"ಸಾಯ್ತಿದ್ದಿ ಅಪ್ಪಾ. ಅವನ ಗುಂಡು—"

"ಅವನ ಗುಂಡು ಎಲ್ಲಿ ಹೋಗ್ತೈತಿ ಅಂತ ಅವಗ ಗೊತ್ತಿಲ್ಲ, ನನಗ ಗೊತ್ತೈತಿ. ನಲವತ್ತು ವರ್ಷ ಅವರಪ್ಪನ ಬಂದೂಕಿನ ಮುಂದ ಓಡೀನಿ. ಅವ ಅಂತೂ ಇವಗಿಂತ ಕುಡ್ಡ. ಹಂದಿ ಎಲ್ಲಿ ಮಲಗೈತಿ ನನಗ ಗೊತ್ತಿರ್ತಿತ್ತು, ಬಂದೂಕು ಎಲ್ಲಿ ಕುಂತೈತಿ ಅದೂ ಗೊತ್ತಿರ್ತಿತ್ತು. ಅವರಿಗೇನು ಗೊತ್ತಿತ್ತು? ನಾ ತಂದು ನಿಲ್ಲಿಸಿದ್ದು ಹೊಡೀತಿದ್ರು. ಬ್ಯಾಡಾದದ್ದು ನಾ ತರ್ತಿದ್ದಿಲ್ಲ. ಬಸರಿ ಹಂದಿ ಒಂದಾದ್ರೂ ಬಿದ್ದೈತೇನು ಕೇಳು ಯಾರನ್ನರೆ."

ಅವಳು ಸ್ಕೂಟಿ ನಿಲ್ಲಿಸಿಬಿಟ್ಟಳು. ಇದು ಅವಳಿಗೆ ತಿಳಿದಿರಲಿಲ್ಲ. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಮತ್ತ ಲೇ ಅಂತಾರಲ್ಲ ನಿನಗ. ಅದು ಕೇಳಸಾಂಗಿಲ್ಲೇನು?"

"ಕೇಳಸ್ತೈತಿ. ಯಾಕ ಕೇಳಸಾಂಗಿಲ್ಲ? ಅದು ಅವರ ಬಾಯಿ. ನನ್ನ ಕೆಲಸ ಅವರ ಬಾಯಾಗ ಇಲ್ಲ."

ಹಳ್ಳದ ಗುಂಟ ತಂಪು ಗಾಳಿ ಬಂತು. ಪದ್ಮಾವತಿ ಕೈಹಿಡಿಯನ್ನೇ ನೋಡುತ್ತಾ, ಹೇಳಬಾರದೆಂದುಕೊಂಡಿದ್ದನ್ನು ಹೇಳಿದಳು. "ದೊಡ್ಡ ಮನಿ ಅಂಗಳದಾಗ ನೀ ಹಂದಿ ಆದಾಗ ನಾನೂ ನಕ್ಕಿದ್ದೆ ಅಪ್ಪಾ. ಎಲ್ಲಾರಕಿಂತ ಜೋರು ನಕ್ಕಿದ್ದೆ."

ಗದ್ದೆಪ್ಪ ಕೆಳಗಿಳಿದು ಅವಳ ಮುಂದೆ ಬಂದು ನಿಂತ. "ನೆಪ್ಪೈತಿ. ನೀ ನಕ್ಕಿ ಅಂತನ ಎರಡನೇ ಸಲ ಮಾಡಿದ್ದೆ. ಅವರು ಒಂದ ಸಲ ಕೇಳಿದ್ರು."

ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಷ್ಟು ವರ್ಷ ಬಚ್ಚಿಟ್ಟುಕೊಂಡ ನಾಚಿಕೆ ಬೇರೆ ಯಾರದೋ ಸಾಮಾನು ಎಂಬಂತೆ, ತಪ್ಪು ವಿಳಾಸಕ್ಕೆ ಬಂದು ಕೂತಿದ್ದಂತೆ ಕಂಡಿತು. ಆದರೆ ತಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಆಗಲಿಲ್ಲ. ಇಲ್ಲ ಅಂದದ್ದು ಸರಿ. ಕೇಳದೆ ಅಂದದ್ದು ತಪ್ಪು. ಎರಡೂ ಇರಲಿ. "ಆದ್ರೂ ಅವನ ಮುಂದ ನಿನ್ನ ಬಿಡ್ತಿದ್ದಿಲ್ಲ ನಾ" ಎಂದಳು, ಹಟದಿಂದಲೇ.

"ಬಿಡಬ್ಯಾಡ. ನಿನ್ನ ಮುಂದ ಬಿಡು." ಅವನು ಮತ್ತೆ ಅಂಗಿ ಬಿಚ್ಚುತ್ತಿದ್ದ. ಹಳ್ಳದ ಆಚೆ, ಗುಡ್ಡದ ಈ ಮಗ್ಗುಲಿನ ಕಂಟಿಯ ಕಡೆ ಗದ್ದ ಎತ್ತಿ ತೋರಿಸಿದ. "ಅವರು ಢಂ ಢಂ ಮಾಡ್ಯಾರಲ್ಲ, ಹಂದಿ ಆ ಕಡಿಂದ ಎದ್ದು ಇಲ್ಲಿ ಬಂದು ಕುಂತಾವ. ಅಲ್ಲಿ ಬಾರಿಗಿಡ ಕಾಣ್ತೈತಲ್ಲ, ಅದರ ಬಾಜೂಕ ಹೋಗಿ ನಿಂದ್ರು. ಏನ ಬಂದ್ರೂ ಕಾಲು ಎತ್ತಬ್ಯಾಡ."

"ಅಪ್ಪಾ, ಕೈಯಾಗ ಬಂದೂಕಿಲ್ಲ, ಏನಿಲ್ಲ."

"ಬಂದೂಕು ಯಾಕ ಬೇಕು?" ಎಂದ, ನಿಜವಾಗಿಯೂ ತಿಳಿಯದವನಂತೆ. ಕೋಲು ಹಿಡಿದು, ಹಳ್ಳದ ಉಸುಕಿನಲ್ಲಿ ಸದ್ದಿಲ್ಲದ ಹೆಜ್ಜೆ ಹಾಕುತ್ತಾ ಹೋಗಿ, ಎರಡು ಗಿಡಗಳ ನಡುವೆ ಬಾಗಿದ, ಇಲ್ಲವಾದ. ಓಡಲಿಲ್ಲ. ಅವಸರವೇ ಇರಲಿಲ್ಲ ಅವನಿಗೆ.

ಅವಳು ಬಾರಿಗಿಡದ ಪಕ್ಕ ನಿಂತಳು. ಮುಂದೆ ನಾಲ್ಕು ಮಾರು ಬಯಲು, ಆಮೇಲೆ ಕಂಟಿ. ಬಹಳ ಹೊತ್ತು ಏನೂ ಆಗಲಿಲ್ಲ. ಒಂದು ಇರುವೆ ಅವಳ ಚಪ್ಪಲಿಯ ಬಾರಿನ ಮೇಲೆ ಹತ್ತಿ ಇಳಿಯಿತು. ಆಮೇಲೆ ದೂರದಿಂದ ಕೋಲಿನಿಂದ ಕಲ್ಲು ಕುಟ್ಟಿದ ಸದ್ದು, ಒಂದು, ಇನ್ನೊಂದು, ಎಡಕ್ಕೆ, ನಂತರ ಬಲಕ್ಕೆ. ಗಂಟಲೊಳಗಿನ ಒಂದು ಗುರ್ ಸದ್ದು. ಅಂಗಳದಲ್ಲಿ ಕೇಳಿದ್ದೇ, ಆದರೆ ಅಲ್ಲಿ ಅದು ನಗೆ ತರಿಸಿತ್ತು. ಇಲ್ಲಿ ಕಂಟಿಯೇ ಅದಕ್ಕೆ ಕಿವಿಗೊಟ್ಟಿತು. ಎಲೆಗಳು ಅಲುಗಿದವು. ಮೊದಲು ವಾಸನೆ ಬಂತು, ಕೆಸರು ಮತ್ತು ಹುಳಿ. ಆಮೇಲೆ ಕಂಟಿ ಸೀಳಿಕೊಂಡು ಒಂದು ದೊಡ್ಡ ಗಂಡು, ಬೆನ್ನ ಮೇಲಿನ ಕೂದಲು ನೆಟ್ಟಗೆ, ನೇರ ಅವಳ ಕಡೆಗೆ. ಅವಳು ಉಸಿರು ಅರ್ಧ ಬಿಟ್ಟಳು. ಕಾಲು ಎತ್ತಲಿಲ್ಲ. ಅದು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ಓರೆಯಾಗಿ ಸರಿದು ಹೋಯಿತು, ಅದರ ಬಿಸಿ ಅವಳ ಪ್ಯಾಂಟಿಗೆ ತಾಗಿತು. ಅದರ ಹಿಂದೆ ಹೆಣ್ಣುಗಳು, ಅವುಗಳ ಹಿಂದೆ ಗೆರೆಗೆರೆಯ ಮರಿಗಳು, ಗೊರಸಿನ ಸದ್ದು, ಧೂಳು, ಅವಳ ಎರಡೂ ಬದಿಯಿಂದ, ಹರಿಯುವ ನೀರು ಕಲ್ಲನ್ನು ಬಳಸುವ ಹಾಗೆ. ಅವಳು ಗಟ್ಟಿಯಾಗಿ ನಗುತ್ತಿದ್ದಳು, ತನಗೇ ತಿಳಿಯದೆ.

ಧೂಳು ಇಳಿಯುವ ಹೊತ್ತಿಗೆ ಗದ್ದೆಪ್ಪ ಕಂಟಿಯಿಂದ ಹೊರಬಂದು ಕೋಲು ಊರಿ ನಿಂತ. ಏದುಸಿರು ಇತ್ತು, ಎದೆ ಮಾತ್ರ ನೆಟ್ಟಗಿತ್ತು.

"ಎಷ್ಟಿದ್ವು?" ಎಂದ.

"ಏಳು."

"ಎಂಟು" ಎಂದ ಗದ್ದೆಪ್ಪ. "ಒಂದು ನಿನ್ನ ಹಿಂದನ ನಿಂತೈತಿ. ತಿರುಗಬ್ಯಾಡ."

ಅವಳು ತಿರುಗಲಿಲ್ಲ.